ಕರುಳಿನ ಕ್ಷಯ: ಚಿಕಿತ್ಸೆ ಮತ್ತು ಮರುಕಳಿಕೆಯ ಇತಿಹಾಸ

ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗ, ಅಂದರೆ ಹೊಟ್ಟೆಯ ಬಲ ಕೆಳಭಾಗ, ಕರುಳಿನ ಕ್ಷಯದ ಮುಖ್ಯ ನೆಲೆ. ರಾಬರ್ಟ್ ಕಾಕ್ 1882ರಲ್ಲೇ ರೋಗಾಣುವನ್ನು ಗುರುತಿಸಿದರೂ ಔಷಧಿಗಾಗಿ ಆರು ದಶಕ ಕಾಯಬೇಕಾಯಿತು. ಅಲ್ಲಿಯವರೆಗೆ ಸ್ಯಾನಟೋರಿಯಂನ ವಿಶ್ರಾಂತಿ, ಒಳ್ಳೆಯ ಊಟ, ಕರುಳು ಕಟ್ಟಿಕೊಂಡರೆ ಶಸ್ತ್ರಕ್ರಿಯೆ, ಇಷ್ಟೇ. ಸ್ಟ್ರೆಪ್ಟೊಮೈಸಿನ್ (1943), ಐಸೋನಿಯಜಿಡ್ (1952), ಆಮೇಲೆ ರಿಫಾಂಪಿಸಿನ್ ಬಂದು ಚಿತ್ರ ಬದಲಾಯಿತು.

ಕರ್ನಾಟಕದ ದಾಖಲೆಯಲ್ಲಿ ಈ ರೋಗದ ಸುಳಿವು ತೆಳು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಸಮೀಕ್ಷೆ ನೋಡಿದ್ದು ಎದೆಯ ಎಕ್ಸ್‌ರೇ ಮತ್ತು ಕಫವನ್ನು. 1962ರ ರಾಷ್ಟ್ರೀಯ ಕಾರ್ಯಕ್ರಮವೂ ಸೋಂಕು ಹರಡುವ ಶ್ವಾಸಕೋಶದ ರೋಗಿಗಳಿಗೇ ಮೊದಲ ಮಣೆ ಹಾಕಿತು. ಆ ಆಯ್ಕೆ ಸರಿಯೇ. ಆದರೆ ಕರುಳಿನ ರೋಗಿ ಲೆಕ್ಕದಿಂದ ಹೊರಗುಳಿದ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಸುತ್ತಲಿನ ಹಳೆಯ ಚಿತ್ರ ಹುಡುಕುವವರಿಗೆ ಇನ್ನೊಂದು ತೊಡಕಿದೆ: 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು.

ಎಷ್ಟು ತಿಂಗಳು ಮಾತ್ರೆ ನುಂಗಬೇಕು ಎಂಬುದು ದೀರ್ಘ ಕಾಲದ ವಿವಾದ. ರೋಗ ಮರಳೀತೆಂಬ ಅಂಜಿಕೆಯಿಂದ ಅನೇಕ ವೈದ್ಯರು ಒಂಬತ್ತು ತಿಂಗಳು, ವರ್ಷದವರೆಗೂ ಕೊಡುತ್ತಿದ್ದರು. ಮೂರು ಪ್ರಯೋಗಗಳ 328 ರೋಗಿಗಳನ್ನು ಪರಿಶೀಲಿಸಿದ 2016ರ ಕಾಕ್ರೇನ್ ಪರಾಮರ್ಶೆಯಲ್ಲಿ, ಆರು ತಿಂಗಳು ಔಷಧಿ ಪಡೆದ 140 ಜನರ ಪೈಕಿ ಇಬ್ಬರಿಗೆ ರೋಗ ಮರಳಿತ್ತು. ಒಂಬತ್ತು ತಿಂಗಳು ಪಡೆದ 129 ಜನರಲ್ಲಿ ಯಾರಿಗೂ ಇಲ್ಲ. ಸಂಖ್ಯೆ ಚಿಕ್ಕದು, ಆದ್ದರಿಂದ ಖಚಿತ ತೀರ್ಪು ಕಷ್ಟ. ಭಾರತದ ಮಾರ್ಗಸೂಚಿ ಕನಿಷ್ಠ ಆರು ತಿಂಗಳು ಎನ್ನುತ್ತದೆ.

ಮರುಕಳಿಕೆಯೆಂದು ಬರೆದುಕೊಂಡದ್ದೆಲ್ಲ ಮರುಕಳಿಕೆಯಲ್ಲ. ಹುಣ್ಣು ಮಾಗುವಾಗ ಕರುಳಿನ ಗೋಡೆ ಗಟ್ಟಿಯಾಗಿ ದಾರಿ ಕಿರಿದಾಗುತ್ತದೆ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡುತ್ತದೆ, ಗುಡುಗುಡು ಸದ್ದಾಗುತ್ತದೆ, ವಾಂತಿಯಾದರೆ ಹಗುರ. ರೋಗಾಣು ಸತ್ತಿದ್ದರೂ ನೋವು ಉಳಿಯುವುದು ಹೀಗೆ. ಇದಕ್ಕೆ ಬೇಕಾದದ್ದು ಮತ್ತೆ ಮಾತ್ರೆಯಲ್ಲ, ಬಲೂನಿನಿಂದ ಹಿಗ್ಗಿಸುವುದು ಅಥವಾ ಶಸ್ತ್ರಕ್ರಿಯೆ. ಕಿರಿದಾದ ಕರುಳನ್ನು ಕತ್ತರಿಸಿ ತೆಗೆಯದೆ ಅಗಲಿಸಿ ಹೊಲಿಯುವ ವಿಧಾನವನ್ನು ಕ್ಷಯರೋಗಿಗಳಲ್ಲಿ ಬಳಸಿದ್ದನ್ನು ಭಾರತದ ಕಟಾರಿಯಾ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದರು. ಇನ್ನು ಕೆಲವರಿಗೆ ಇದ್ದದ್ದು ಕ್ರೋನ್ಸ್ ಕಾಯಿಲೆ. 1932ರಲ್ಲಿ ವಿವರಿಸಲಾದ ಇದು ಕ್ಷಯವನ್ನೇ ಹೋಲುತ್ತದೆ. ತಿರುವುಮುರುವಾದರೆ ಇನ್ನೂ ಅಪಾಯ: ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟಿರಾಯ್ಡ್ ಕೊಟ್ಟರೆ ರೋಗ ಉಲ್ಬಣಿಸಬಹುದು.

ಹಾಗಾಗಿ ನೋವು ಮರಳಿದವರಿಗೆ ಹಳೆಯ ಚೀಟಿಯ ಮಾತ್ರೆಯನ್ನೇ ಮತ್ತೆ ಶುರುಮಾಡುವುದು ತಪ್ಪು. ಕೊಲನೋಸ್ಕೋಪಿಯಲ್ಲಿ ತೆಗೆದ ತುಣುಕುಗಳಲ್ಲಿ ಕೆಲವನ್ನು ಸಲೈನ್‌ನಲ್ಲಿಟ್ಟು ಕಲ್ಚರ್ (ರೋಗಾಣು ಬೆಳೆಸಿ ನೋಡುವ) ಮತ್ತು ಸಿಬಿನಾಟ್ (ರೋಗಾಣುವಿನ ಡಿಎನ್‌ಎ ಹುಡುಕುವ) ಪರೀಕ್ಷೆಗೆ ಕಳಿಸಬೇಕು. ಫಾರ್ಮಲಿನ್‌ಗೆ ಹಾಕಿದ ತುಣುಕಿನಲ್ಲಿ ರೋಗಾಣು ಬೆಳೆಯುವುದಿಲ್ಲ.