ಭಾವನ ಪ್ರಶ್ನೆ ಮತ್ತು ಪರೇಲಿನ ರಕ್ತ

"ಇದು ಪುನಃ ಬರ್ತದಾ ಮಾರಾಯ, ಇಲ್ಲ ಇಷ್ಟಕ್ಕೇ ಮುಗೀತಾ?"

ಭಾವ ಹೀಗೆ ಕೇಳಿದ್ದು ಪರೇಲಿನ ಬಸ್ ಸ್ಟಾಪಿನಲ್ಲಿ, ಕೈಯಲ್ಲಿ ರಿಪೋರ್ಟಿನ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು. ಮೂತ್ರದಲ್ಲಿ ರಕ್ತ ಬಂದದ್ದನ್ನು ನಾಲ್ಕು ತಿಂಗಳು ಯಾರಿಗೂ ಹೇಳದೆ ಇದ್ದ ಮನುಷ್ಯ. ನೋವಿರಲಿಲ್ಲವಲ್ಲ, ಅದಕ್ಕೆ! ಡೊಂಬಿವಲಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ, ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಬಣ್ಣದ ಕೆಲಸಗಾರರಿಗೆ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ ಎಂದು ಜರ್ಮನಿಯ ಲುಡ್ವಿಗ್ ರೇನ್ 1895ರಲ್ಲೇ ಹೇಳಿದ್ದರು. ಬೀಡಿ ಸಿಗರೇಟಿನ ಪಾಲು ಅದಕ್ಕಿಂತ ದೊಡ್ಡದು. ಭಾವನಿಗೆ ಎರಡೂ ಇತ್ತು.

ಗಡ್ಡೆಯನ್ನು ಒಳಗಿನಿಂದಲೇ ಕೆರೆದು ತೆಗೆದರು. ಮೇಲ್ಪದರದಲ್ಲೇ ಇದೆ, ಆಳಕ್ಕೆ ಇಳಿದಿಲ್ಲ ಅಂದರು. ಆದರೆ ಇಂಥ ಗಡ್ಡೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವು ಒಂದು ದಿನ ಗೋಡೆಯ ಮಾಂಸದೊಳಕ್ಕೆ ಇಳಿದುಬಿಡುತ್ತವೆ. ಯಾವುದು ಇಳಿಯುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ? ಭಾವನ ಪ್ರಶ್ನೆ ಅದೇ. ಹುಡುಕಿ ಓದುತ್ತಾ ಹೋದವನಿಗೆ ಸಿಕ್ಕಿದ್ದು ನಾವು ನಿಂತಿದ್ದ ಪರೇಲೇ.

1952ರಲ್ಲಿ ಇಲ್ಲಿನ ಕೆಇಎಂ ಆಸ್ಪತ್ರೆಯ ಅಂಗಳದಲ್ಲಿರುವ ಜಿ.ಎಸ್. ಮೆಡಿಕಲ್ ಕಾಲೇಜಿನ ಡಾ. ವೈ.ಎಂ. ಭೇಂಡೆ ಮತ್ತು ಜೊತೆಗಾರರು ಒಂದು ವಿಚಿತ್ರ ರಕ್ತದ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಎ, ಬಿ ಮಾತ್ರವಲ್ಲ, ಓ ಗುಂಪಿನ ರಕ್ತವೂ ಆಗದು. ಅದೇ 'ಬಾಂಬೆ ಬ್ಲಡ್ ಗ್ರೂಪ್'. ಆ ಲೇಖನದಲ್ಲಿ ಲಂಡನ್ನಿನ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಹೆಸರೂ ಇದೆ. ರಕ್ತದ ಗುಂಪು ಅಂದರೆ ಜೀವಕೋಶದ ಹೊರಮೈಯಲ್ಲಿ ನೇತಾಡುವ ಸಕ್ಕರೆಯ ಎಳೆ ಎಂದು ಬಿಡಿಸಿ ತೋರಿಸಿದವರು ಇವರೇ. ಎಳೆಯ ತುದಿಯಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಕೂತರೆ ಅದು ಎಚ್, ಅಂದರೆ ಓ ಗುಂಪು. ಅದರ ಪಕ್ಕಕ್ಕೆ ಇನ್ನೊಂದು ಸಕ್ಕರೆ ಸೇರಿದರೆ ಎ, ಬೇರೊಂದು ಸೇರಿದರೆ ಬಿ. ಬಾಂಬೆ ರಕ್ತದಲ್ಲಿ ಆ ಫ್ಯೂಕೋಸೇ ಇಲ್ಲ. ಬುಡವೇ ಇಲ್ಲದ ಮೇಲೆ ಎ, ಬಿ ಎಲ್ಲಿ ಕೂರಬೇಕು?

(ಸಕ್ಕರೆ ಅಂದೆ ಅಂತ ಅಕ್ಕ ಭಾವನ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿಬಿಟ್ಟಳು. ಇದು ಆ ಸಕ್ಕರೆ ಅಲ್ಲ ಅಂತ ಒಪ್ಪಿಸಲು ನನಗೆ ಒಂದು ಸಂಜೆ ಬೇಕಾಯಿತು.)

ಈ ಎಳೆಗಳು ರಕ್ತದಲ್ಲಷ್ಟೇ ಅಲ್ಲ, ಮೂತ್ರಕೋಶದ ಒಳಮೈಯಲ್ಲೂ ಇವೆ. ಶಿಕಾಗೋದ ಇಸ್ರೇಲ್ ಡೇವಿಡ್ಸನ್ 1960ರ ದಶಕದಲ್ಲಿ ಗಮನಿಸಿದ್ದು: ಕ್ಯಾನ್ಸರ್ ಕೋಶಗಳು ಈ ಎ, ಬಿ ಗುರುತನ್ನು ಕಳಚಿಕೊಳ್ಳುತ್ತವೆ. ಅವರ ಪರೀಕ್ಷೆ ಬಹಳ ಸರಳ. ಗಡ್ಡೆಯ ತೆಳು ಚೂರಿನ ಮೇಲೆ, ರೋಗಿ ಎ ಗುಂಪಿನವನಾದರೆ, ಎ ವಿರುದ್ಧದ ಸೀರಮ್ ಹಾಕು. ಆಮೇಲೆ ಎ ಗುಂಪಿನ ಕೆಂಪು ರಕ್ತಕಣ ಸುರಿ. ಕಣಗಳು ಅಂಟಿದರೆ ಗುರುತು ಉಳಿದಿದೆ, ಅಂಟದಿದ್ದರೆ ಹೋಗಿದೆ. 1975ರಲ್ಲಿ ಅಮೆರಿಕದ ಡಿಸೆಂಜೊ ಮತ್ತು ಜೊತೆಗಾರರು ಹಳೆಯ ಗಡ್ಡೆಗಳನ್ನು ಹೀಗೆ ನೋಡಿದರು. ಗುರುತು ಕಳಕೊಂಡ ಗಡ್ಡೆಗಳೇ ಮುಂದೆ ಆಳಕ್ಕೆ ಇಳಿಯುವುದು ಹೆಚ್ಚು ಎಂದು ಕಂಡಿತು. ಊರು ಬಿಟ್ಟವನು ಮೊದಲು ಹೆಸರಿನ ಹಿಂದಿನ ಮನೆತನದ ಹೆಸರು ಬಿಟ್ಟ ಹಾಗೆ, ಅನ್ನಿಸಿತು ನನಗೆ.

ಎಷ್ಟು ಆಸೆ ಹುಟ್ಟಿರಬೇಕು ಅಂದಿನ ಡಾಕ್ಟರುಗಳಿಗೆ! ಆದರೆ ಓ ಗುಂಪಿನವರಲ್ಲಿ ಪರೀಕ್ಷೆ ಎಡವುತ್ತಿತ್ತು. ಇನ್ನೊಂದು ತೊಡಕು ಹುಟ್ಟಿನದ್ದು. ಯುರೋಪಿನಲ್ಲಿ ಸುಮಾರು ಐವರಲ್ಲಿ ಒಬ್ಬರ ಎಂಜಲಿನಲ್ಲಿ ಈ ರಕ್ತದ ಗುರುತು ಬರುವುದಿಲ್ಲ. ಅಂಥವರ ಆರೋಗ್ಯವಂತ ಮೂತ್ರಕೋಶದಲ್ಲೂ ಅದು ಕಡಿಮೆ. ಡೆನ್ಮಾರ್ಕಿನ ಟೋರ್ಬೆನ್ ಓರ್ನ್‌ಟೋಫ್ಟ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಇದನ್ನೆಲ್ಲ ಜಾಲಾಡಿದರು. ಮೊದಲೇ ಇಲ್ಲದ್ದನ್ನು ಕಳಕೊಂಡರು ಅನ್ನುವುದು ಹೇಗೆ? ಹೀಗೆ ಆ ಪರೀಕ್ಷೆ ದಿನನಿತ್ಯದ ಬಳಕೆಯಿಂದ ಹಿಂದೆ ಸರಿಯಿತು. ಈಗಲೂ ಗಡ್ಡೆ ಎಷ್ಟು ಆಳ ಇಳಿದಿದೆ, ಕೋಶಗಳು ಎಷ್ಟು ಕೆಟ್ಟಿವೆ ಅನ್ನುವುದನ್ನೇ ಮುಖ್ಯವಾಗಿ ನೋಡುತ್ತಾರೆ. ಆಮೇಲೆ ದುರ್ಬೀನು ಹಾಕಿ ಮತ್ತೆ ಮತ್ತೆ ನೋಡುವುದು.

ಇದನ್ನೆಲ್ಲ ಭಾವನಿಗೆ ಹೇಳಿದೆ. ಪೂರ್ತಿ ಕೇಳಿ, "ಹಾಗಾದ್ರೆ ಗೊತ್ತಿಲ್ಲ ಅಂತ ಅಷ್ಟೇ ಅಲ್ವಾ?" ಅಂದರು. ಹೌದು ಭಾವ ಅಂದೆ. ಮೂರು ತಿಂಗಳ ಚೆಕಪ್ ಬರುವ ಮಂಗಳವಾರ. ಬೆಳಗಿನ ಸ್ಲೋ ಲೋಕಲ್ಲಿಗೆ ಹೋಗೋಣ, ಕೂರಲು ಜಾಗ ಸಿಗುತ್ತದೆ ಎಂದಿದ್ದಾರೆ. ಬೀಡಿ ಬಿಟ್ಟು ಎರಡೂವರೆ ತಿಂಗಳಾಯಿತು.