ದಂಡಿನ ಗುಜರಿಯೂ ಬಿಚ್ಚಲಾಗದ ಗೇರ್‌ಬಾಕ್ಸೂ

ಬೆಂಗಳೂರಲ್ಲಿ ಹಳೇ ಕಾರು ಇಟ್ಕೊಂಡವರಿಗೆ ಯಾರಾದರೊಬ್ಬರು ಹೇಳೇ ಹೇಳ್ತಾರೆ: "ಶೋರೂಮಿಗ್ಯಾಕೆ ದುಡ್ಡು ಸುರೀತೀರಾ ಸಾರ್, ಶಿವಾಜಿನಗರ ಗುಜರೀಲಿ ನೋಡಿ." ಸೈಡ್ ಮಿರರ್, ಡೋರ್, ಹೆಡ್‌ಲೈಟ್ ಮಟ್ಟಿಗೆ ಇದು ಒಳ್ಳೇ ಸಲಹೆ. ಆದರೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಾಗ ಮಾತ್ರ ಈ ಸಲಹೆ ಅಷ್ಟು ಸಲೀಸಾಗಿ ನಡೆಯಲ್ಲ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. ಆಗ ಬ್ಲ್ಯಾಕ್‌ಪಳ್ಳಿ ಅನ್ನಿಸಿಕೊಂಡಿದ್ದ ಇಂದಿನ ಶಿವಾಜಿನಗರ, ಆ ದಂಡಿಗೆ ಬೇಕಾದ್ದನ್ನೆಲ್ಲ ಒದಗಿಸುವ ಬಜಾರಾಗಿ ಬೆಳೆಯಿತು. 1927ರಲ್ಲಿ ರಸೆಲ್ ಮಾರ್ಕೆಟ್ ಎದ್ದು ನಿಂತಿತು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ನಗರಪಾಲಿಕೆಯಾದರೂ, ದಖನಿ, ತಮಿಳು, ಕನ್ನಡ ಮೂರರಲ್ಲೂ ಚೌಕಾಸಿ ನಡೆಯುವ ಬಜಾರಿನ ಗುಣ ಉಳಿಯಿತು. ಹಳೇ ಗಾಡಿ ಬಿಚ್ಚಿ ಬಿಡಿಭಾಗ ಮಾರುವ ಗುಜರಿ ಅಂಗಡಿಗಳು ಬೇರು ಬಿಟ್ಟದ್ದು ಇಂಥ ಬಜಾರಿನಲ್ಲಿ.

ಈ ವ್ಯಾಪಾರಕ್ಕೆ ಅನುಕೂಲವಾಗಿದ್ದು ಲೈಸೆನ್ಸ್ ರಾಜ್. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್ ದಶಕಗಟ್ಟಲೆ ಹೆಚ್ಚುಕಮ್ಮಿ ಅದೇ ರೂಪದಲ್ಲಿ ಉಳಿಯಿತು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಹಳೇದನ್ನು ರಿಪೇರಿ ಮಾಡಿ ಓಡಿಸುವುದೇ ದಾರಿ. ಅದರ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಿದರೆ ಸವೆದ ಹಲ್ಲು, ಹೋದ ಬೇರಿಂಗ್ ಕಣ್ಣಿಗೇ ಕಾಣುತ್ತಿತ್ತು. ಗುಜರಿಯಲ್ಲಿ ಅದರ ಜೋಡಿ ಸಿಗುತ್ತಿತ್ತು, ಸಿಗದಿದ್ದರೆ ಲೇತ್‌ನಲ್ಲಿ ಕಡೆದುಕೊಡುವವರಿದ್ದರು. ನಮ್ಮೂರ ಕುಲುಮೇಲಿ ಕುಳ ಹಣಿಸಿದ ಹಾಗೆ: ಕೆಟ್ಟದ್ದು ಏನು ಅಂತ ಕೊಟ್ಟವನಿಗೂ ಕಾಣುತ್ತೆ, ಮಾಡುವವನಿಗೂ ಕಾಣುತ್ತೆ. ಉಸ್ತಾದ್ ಕೈಕೆಳಗಿನ ಹುಡುಗ ನೋಡಿ ನೋಡಿಯೇ ಕಲಿಯುತ್ತಿದ್ದ.

ಆಟೋಮ್ಯಾಟಿಕ್‌ನ ಕತೆ ಬೇರೆ. ಎಣ್ಣೆಯ ಹರಿವಿನಿಂದಲೇ ಶಕ್ತಿ ದಾಟಿಸುವ ಉಪಾಯಕ್ಕೆ ಜರ್ಮನಿಯ ಹರ್ಮನ್ ಫೋಟಿಂಗರ್ ಪೇಟೆಂಟ್ ಪಡೆದದ್ದು 1905ರಲ್ಲಿ, ಅದೂ ಹಡಗಿಗಾಗಿ. ಜನರಲ್ ಮೋಟಾರ್ಸ್ ತನ್ನ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾ-ಮ್ಯಾಟಿಕ್ ಕೊಟ್ಟಿತು. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ಬೆಲ್ಟ್ ಮೇಲೆ ಓಡುವ ವೇರಿಯೋಮ್ಯಾಟಿಕ್ ತಂದಿತು, ಇವತ್ತಿನ ಸಿವಿಟಿಯ ಅಜ್ಜ ಅದು. ನಮ್ಮಲ್ಲಿ ಝೆನ್, ಹೋಂಡಾ ಸಿಟಿಗಳಲ್ಲಿ ಆಟೋಮ್ಯಾಟಿಕ್ ಇದ್ದರೂ ಅದು ಅಲ್ಲೊಂದು ಇಲ್ಲೊಂದು. ಮಧ್ಯಮವರ್ಗದ ಮನೆಗೆ ಅದು ನಿಜವಾಗಿ ಬಂದದ್ದು 2014ರಲ್ಲಿ, ಎಎಂಟಿ ಇದ್ದ ಮಾರುತಿ ಸೆಲೆರಿಯೋ ಮೂಲಕ. ಅಂಬಾಸಿಡರ್ ತಯಾರಿ ನಿಂತದ್ದೂ ಅದೇ ವರ್ಷ ಮೇ ತಿಂಗಳಲ್ಲಿ! ಒಂದು ಕಾಲ ಹೋಗಿ ಇನ್ನೊಂದು ಬಂತು ಅನ್ನೋಕೆ ಇದಕ್ಕಿಂತ ಒಳ್ಳೇ ಗುರುತು ಬೇಕಾ?

ಎಎಂಟಿ ಒಳಗಿರೋದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿದು ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತೆ, ಅಷ್ಟೆ. ಹಳೇ ಮೆಕ್ಯಾನಿಕ್‌ಗೆ ಅದರ ಅರ್ಧ ಗೊತ್ತಿರುತ್ತೆ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಹಾಗಲ್ಲ. ಅಲ್ಲಿ ಎಣ್ಣೆಯೇ ಶಕ್ತಿ ದಾಟಿಸಬೇಕು, ಒತ್ತಡ ಕೊಡಬೇಕು, ಕಾವನ್ನೂ ಹೊರಬೇಕು. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ ಜಾಮಿನಲ್ಲಿ ವರ್ಷಗಟ್ಟಲೆ ತೆವಳಿದ ಎಣ್ಣೆ ಬೆಂದು ಕಪ್ಪಾಗುತ್ತೆ. ಸವೆದ ಪುಡಿ ವಾಲ್ವ್‌ಗಳ ಸಣ್ಣ ದಾರಿಗಳಲ್ಲಿ ಕೂರುತ್ತೆ. ಆಮೇಲೆ ಶುರು: ಡಿ ಹಾಕಿದರೆ ಎರಡು ಕ್ಷಣ ಸುಮ್ಮನಿದ್ದು ಜರ್ಕ್, ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತೆ, ಕಾರು ಏರಲ್ಲ. ಸ್ಕ್ಯಾನರ್ ಹಾಕಿದರೆ ಎರರ್ ಕೋಡ್ ಸಿಗುತ್ತೆ. ಕೋಡ್ ಬೇರೆ, ಕಾರಣ ಬೇರೆ ಅಂತ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಡಬ್ಬ ಬಿಚ್ಚಿ ಸರಿಮಾಡುವವರು ಕಮ್ಮಿ ಇರೋದರಿಂದ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅಸೆಂಬ್ಲಿ ಚೇಂಜ್." ಹೊಸ ಅಸೆಂಬ್ಲಿಯ ಬಿಲ್ಲು ಹಳೇ ಕಾರಿನ ಬೆಲೆಯನ್ನೇ ಮೀರಬಹುದು. ಗುಜರಿಯ ಅಸೆಂಬ್ಲಿ ಅಗ್ಗ, ಆದರೆ ಅದು ಎಷ್ಟು ಓಡಿದೆ, ಅದರ ಎಣ್ಣೆ ಯಾವತ್ತಾದರೂ ಬದಲಾಗಿತ್ತಾ ಅಂತ ಹೊರಗಿಂದ ಕಾಣಲ್ಲ. ನಮ್ಮ ಕಾರಿನ ಕಂಪ್ಯೂಟರಿಗೆ ಅದು ಹೊಂದುತ್ತೋ ಇಲ್ಲವೋ ಅನ್ನೋದು ಇನ್ನೊಂದು ತಲೆನೋವು. ಬಜಾರು ಬದುಕಿದ್ದು ಬಿಡಿಭಾಗದ ಮೇಲೆ. ಆಟೋಮ್ಯಾಟಿಕ್ ಕೇಳ್ತಿರೋದು ಇಡೀ ಡಬ್ಬ.

ಹೀಗಾಗಿ ಇಂಜಿನ್ ಗಟ್ಟಿಮುಟ್ಟಾಗಿರುವ ಕಾರೂ ಗೇರ್‌ಬಾಕ್ಸ್ ಒಂದರಿಂದ ಗುಜರಿ ಸೇರುತ್ತೆ. ಕಾಲವೂ ಅದೇ ಕಡೆ ತಳ್ಳುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಸ್ಕ್ರ್ಯಾಪೇಜ್ ನೀತಿ ತಂದು, ವಾಹನ ಒಡೆಯಲು ನೋಂದಾಯಿತ ಕೇಂದ್ರಗಳ ನಿಯಮ ಮಾಡಿತು. 15 ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ಹೊಗೆ ಕಮ್ಮಿಯಾಗಬೇಕು, ಸರಿ. ಆದರೆ ಬಿಚ್ಚಿ ಕಲಿಯೋ ಕಸುಬು ಹೋದರೆ ಇನ್ನೂ ಐದಾರು ವರ್ಷ ಓಡಬಹುದಾದ ಕಾರು, ಅದನ್ನು ಸಾಲ ಮಾಡಿ ಕೊಂಡವರ ದುಡ್ಡು, ಎರಡೂ ಹೋಗುತ್ತೆ.

ಕಸುಬು ಹುಟ್ಟಿದ್ದು ಕೆಟ್ಟ ಯಂತ್ರ ಹೊತ್ತು ತಂದ ಗಿರಾಕಿಗಳಿಂದ. ಹಾಗಾಗಿ ಈಗಿನ ಗಿರಾಕಿಗಳಾದ ನಮ್ಮ ಪಾಲಿನ ಕೆಲಸವೂ ಒಂದಿಷ್ಟಿದೆ. "ಲೈಫ್‌ಟೈಮ್ ಆಯಿಲ್" ಅನ್ನೋ ಮಾತು ನಂಬಿ ಕೂರದೆ, ಕಷ್ಟದ ಬಳಕೆಗೆ ಮ್ಯಾನ್ಯುಯಲ್ ಏನು ಹೇಳುತ್ತೆ ನೋಡಿ, ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ. ಕೆಟ್ಟು ನಿಂತರೆ ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಎಳೆಸಬೇಡಿ, ಗಾಡಿ ಮೇಲೆ ಹೇರಿಸಿ. ಅಸೆಂಬ್ಲಿ ಅಂದ ತಕ್ಷಣ ಹೂಂ ಅನ್ನದೆ, ಬಿಚ್ಚಿ ನೋಡಲು ಒಪ್ಪುವ ವರ್ಕ್‌ಶಾಪ್ ಹುಡುಕಿ. ಪ್ಯಾನ್ ಇಳಿಸಿದಾಗ ಅಲ್ಲೇ ನಿಂತು, ಎಣ್ಣೆಯ ಬಣ್ಣ, ಅಯಸ್ಕಾಂತಕ್ಕೆ ಅಂಟಿದ ಪುಡಿ ತೋರಿಸಿ ಅಂತ ಕೇಳಿ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹುಡುಗನೂ ಅದನ್ನ ಮೊದಲ ಸಲ ನೋಡ್ತಿರಬಹುದು.