ಆಟಗಾರನು ಗುರುವಾದ ಬಗೆ

ನಂಜನಗೂಡಿನ ಸೋಪಾನಗಳನ್ನು ತೊಳೆದು ಸಾಗುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಸಂಗಮದ ತಾಲ್ಲೂಕಿಗೆ ಸೇರಿದ ಕುರುಬೂರಿನ ಹೆಸರು 2025ರ ಜನವರಿಯಲ್ಲಿ ದೆಹಲಿಯವರೆಗೂ ಕೇಳಿಬಂದಿತು. ಅಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ವನಿತೆಯರು ನೇಪಾಳವನ್ನು 78-40 ಅಂಕಗಳಿಂದ ಜಯಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂಬ ಗೌರವವು ಕುರುಬೂರಿನ ಬಿ. ಚೈತ್ರ ಅವರಿಗೆ ಸಂದಿತು.

ಗೆದ್ದವರನ್ನು ಕೊಂಡಾಡುವುದು ಉಚಿತವೇ. ಆದರೆ ಹಳ್ಳಿಯ ಮಕ್ಕಳನ್ನು ಕಂಬದಿಂದ ಕಂಬಕ್ಕೆ ಓಡಿಸಿ ಪಳಗಿಸುವ ಉಪಾಧ್ಯಾಯರ ವೃತ್ತಿಯು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ಅದನ್ನು ಕುರಿತು ಈಗ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಮ್ಮ ಸೀಮೆಗೆ ದೇಹಸಾಧನೆಯು ಹೊಸತಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಸಾಮು ಮಾಡಿಸುತ್ತಿದ್ದ ಉಸ್ತಾದರನ್ನೂ, ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳನ್ನೂ ಯಾರು ಅರಿಯರು? ಆದರೆ ಗರಡಿಯ ವಿದ್ಯೆಯು ಅಲ್ಲಿಗೆ ಹೋದವರಿಗೆ ಮಾತ್ರ ದೊರೆಯುತ್ತಿದ್ದಿತು. ಪಾಠಶಾಲೆಯ ದುರ್ಬಲ ಬಾಲಕನಿಗೂ ಹೆಣ್ಣುಮಕ್ಕಳಿಗೂ ಆಟವು ಲಭಿಸಬೇಕಾದರೆ ಅದಕ್ಕೆಂದೇ ಶಿಕ್ಷಣ ಪಡೆದ ಗುರುಗಳು ಬೇಕಾಗಿದ್ದಿತು.

ಇಂತಹ ಗುರುಗಳನ್ನು ತಯಾರಿಸಿದ ಮೊದಲ ವಿದ್ಯಾಲಯಗಳಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನದು ಪ್ರಸಿದ್ಧವಾದುದು. ಕಾಲೇಜಿನ ಕ್ರೀಡಾಪಟುವಾಗಿದ್ದ ಜೇಮ್ಸ್ ನೈಸ್ಮಿತ್ ಅಲ್ಲಿ ಅಧ್ಯಾಪಕರಾಗಿದ್ದಾಗ, 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದರು. ಅನಂತರ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ತಂಡದ ಶಿಕ್ಷಕರೂ ಕ್ರೀಡಾ ನಿರ್ದೇಶಕರೂ ಆದರು. ತಾವೇ ಸೃಷ್ಟಿಸಿದ ಆಟದಲ್ಲಿ ಅವರ ತಂಡವು ಗೆದ್ದುದು 55, ಸೋತುದು 60! ಆದರೂ ಅವರ ಶಿಷ್ಯ ಫಾರೆಸ್ಟ್ ಆಲೆನ್ ಆ ದೇಶದ ಅಗ್ರಗಣ್ಯ ಶಿಕ್ಷಕರಲ್ಲೊಬ್ಬರಾದರು. ಗುರುವಿನ ಲೆಕ್ಕವನ್ನು ಅಂಕಗಳ ಹಲಗೆಯ ಮೇಲೆ ಬರೆಯಲಾಗದು.

ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದರು. ಆರಂಭದಲ್ಲಿದ್ದ ವಿದ್ಯಾರ್ಥಿಗಳು ಐವರೇ. 1924ರಲ್ಲಿ ಪ್ಯಾರಿಸಿನ ಒಲಿಂಪಿಕ್ಸಿಗೆ ಹೋದ ಭಾರತೀಯ ತಂಡಕ್ಕೆ ಬಕ್ಕರೇ ವ್ಯವಸ್ಥಾಪಕರಾಗಿದ್ದರು. 1943ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡರು.

ಮುಂದೆ ಇಂತಹ ಶಿಕ್ಷಣಾಲಯಗಳು ಬೆಳೆದಂತೆ ನಮ್ಮ ಪಾಠಶಾಲೆಗಳಿಗೆ ಡ್ರಿಲ್ ಮೇಷ್ಟರೂ ಕಾಲೇಜುಗಳಿಗೆ ಫಿಜಿಕಲ್ ಡೈರೆಕ್ಟರೂ ಬಂದರು. ನಿನ್ನೆ ಕಾಲೇಜಿನ ತಂಡದಲ್ಲಿ ಓಡಿದವನು ಇಂದು ಸುಣ್ಣದ ಗೆರೆ ಎಳೆಸುತ್ತಾನೆ, ಚೆಂಡುಗಳ ಲೆಕ್ಕವಿಡುತ್ತಾನೆ, ಪಂದ್ಯಕ್ಕೆ ಹೊರಟ ಮಕ್ಕಳ ಊಟವಸತಿಯನ್ನು ನೋಡಿಕೊಳ್ಳುತ್ತಾನೆ. ಆಟಗಾರನ ಕಾಲುಗಳಿಗೆ ಹತ್ತು ಹದಿನೈದು ವರ್ಷಗಳ ಆಯುಷ್ಯ. ಗುರುವಿನ ಕಣ್ಣಿಗೆ ಒಂದು ಜೀವಮಾನ.

ಖೋ ಖೋ ಆಟಕ್ಕೆ ಬೆಲೆಯುಳ್ಳ ಸಲಕರಣೆಗಳು ಬೇಕಾಗಿಲ್ಲ; ಎರಡು ಕಂಬ, ಸಮನಾದ ನೆಲ, ನಿತ್ಯವೂ ನಿಂತು ನೋಡುವ ಒಬ್ಬ ಗುರು, ಇಷ್ಟಿದ್ದರೆ ಸಾಕು. ಮೊದಲಿನ ಎರಡನ್ನು ಊರವರೇ ಒದಗಿಸಬಹುದು. ಮೂರನೆಯದನ್ನು ಒದಗಿಸಬೇಕಾದುದು ಸರ್ಕಾರ. ಆ ಸ್ಥಾನವು ತೆರವಾಗಿ ಉಳಿದ ಪಾಠಶಾಲೆಯಲ್ಲಿ ಮತ್ತೊಬ್ಬ ಚೈತ್ರ ಇದ್ದರೂ ಆಕೆಯನ್ನು ಗುರುತಿಸುವವರಾರು?